ಹನ್ನೊಂದು ಗೀಟು, ಒಂದು ಜಿಗಿತ

1986ರ ಫೆಬ್ರುವರಿ 9, ಭಾನುವಾರ, ಬೆಳಿಗ್ಗೆ ಆರೂವರೆ. ಕೆಂಗೇರಿಯ ಬಯಲಿನಲ್ಲಿ ಮಂಡಿಗಿಂತ ತಗ್ಗಾಗಿ ಅಡ್ಡ ಇಟ್ಟ ಬಿಳಿ ಕೋಲಿನ ಮುಂದೆ ನಮ್ಮ ಎಳೆಯ ಕುದುರೆ ಮುತ್ತು ಮತ್ತೆ ಗಕ್ಕನೆ ನಿಂತಿತು. ನಾನು ಡೈರಿಯಲ್ಲಿ ಹನ್ನೊಂದನೆಯ ಗೀಟು ಎಳೆದೆ. ಜಿಗಿತದ ಸ್ಪರ್ಧೆಗೆ ಅದನ್ನು ಪಳಗಿಸುವ ಕೆಲಸ ನನ್ನದು. ಅಂದೂ ಜಿಗಿಯದಿದ್ದರೆ ಜಟಕಾ ಗಾಡಿಗೆ ಕೊಟ್ಟುಬಿಡುತ್ತೇನೆಂದು ಹೇಳಿದ್ದ ಯಜಮಾನರು ಬೇಲಿಯ ಬಳಿ ಕಾಯುತ್ತಿದ್ದರು.

ದಿನವೂ ನಮಗೆ ಹುಲ್ಲು ತರುವ ಅಜ್ಜಿ ಹೊರೆ ಹೊತ್ತು ಬಂದವರು, ನನ್ನ ಕೈಯ ಚಾಟಿ ನೋಡಿ ನಕ್ಕರು.

"ಏನಪ್ಪಾ, ಹಿಂದೆ ನಿಂತ್ಕೊಂಡೇ ಅಟ್ತೀಯಲ್ಲ! ಕೂಸಿಗೆ ಮುಂದೆ ಯಾರಾದ್ರೂ ನಡೀಬೇಕಲ್ವಾ?"

ನಾನು ತಡೆಯುವಷ್ಟರಲ್ಲಿ ನೆರಿಗೆ ಎತ್ತಿಹಿಡಿದು, ಹೊರೆಸಮೇತ ಕೋಲು ದಾಟಿ, "ಬಾರೋ ಮಗಾ" ಎನ್ನುತ್ತ ತಿರುಗಿಯೂ ನೋಡದೆ ನಡೆದರು. ಮುತ್ತು ಕಿವಿ ನಿಮಿರಿಸಿತು. ನಾಲ್ಕು ಹೆಜ್ಜೆ ಓಡಿ, ಕೋಲಿಗಿಂತ ಒಂದು ಮೊಳ ಮೇಲೆ ಹಾರಿ, ಸೀದಾ ಹೋಗಿ ಹೊರೆಗೆ ಬಾಯಿ ಹಾಕಿತು.

"ಏಯ್ ಕಳ್ಳ!" ಎಂದರು ಅಜ್ಜಿ. ಯಜಮಾನರು ಜೋರಾಗಿ ನಕ್ಕುಬಿಟ್ಟರು.

ಮುತ್ತು ನಮ್ಮಲ್ಲೇ ಉಳಿಯಿತು. ಈಗ ಹೊಸ ತಡೆ ಇಟ್ಟಾಗಲೆಲ್ಲ ಮೊದಲು ನಾನೇ ದಾಟುತ್ತೇನೆ. ಆ ಬೇಸಿಗೆಯ ನಂತರ ಅಜ್ಜಿ ಬರಲಿಲ್ಲ. ಡೈರಿಯಲ್ಲಿ ಎಲ್ಲ ಲೆಕ್ಕವೂ ಇದೆ, ಅವರ ಹೆಸರೊಂದು ಬಿಟ್ಟು. ಕೇಳಲು ನನಗೆ ತೋಚಿರಲೇ ಇಲ್ಲ. ಕೆಂಗೇರಿ ಕಡೆಯ ಓದುಗರು ಯಾರಾದರೂ ಅವರನ್ನು ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಆ ಪುಟದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.