ನೆಲದಲ್ಲಿ ಹೂಳದ ಒಳ್ಳು

ಬೀದಿಯಲ್ಲಿ ಮೊಣಕಾಲುದ್ದ ನೀರು. ಪಕ್ಕದ ಮನೆಯ ಶಾಂತಾಬಾಯಿ ಮಾತ್ರ ಕಾಂದಾ ಭಜಿ, ಎಂದರೆ ನಮ್ಮ ಉಳ್ಳಾಗಡ್ಡಿ ಬಜ್ಜಿ, ಕರಿಯುತ್ತ ಕೂತಿದ್ದರು. ಮುಂಬಯಿಗೆ ಬಂದ ವರ್ಷದ ಮೊದಲ ದೊಡ್ಡ ಮಳೆ ಅದು. ನಾನು ಬಟ್ಟೆ, ಪಾತ್ರೆ ಗಂಟು ಕಟ್ಟಿ, ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಖೋಲಿ, ಒಂದೇ ಕೋಣೆಯ ಮನೆ, ಇರುವುದು ಎರಡನೆಯ ಮಾಳಿಗೆಯಲ್ಲಿ. ಇಲ್ಲಿಗೆ ನೀರು ಬರಬೇಕಾದರೆ ಇಡೀ ಮುಂಬಯಿ ಮುಳುಗಬೇಕು ಎಂದು ನಗುತ್ತ ಶಾಂತಾಬಾಯಿ ಕೈಗೆ ಭಜಿ ಇಟ್ಟರು.

ಒಂದೇ ಉದ್ದನೆಯ ಪಡಸಾಲೆಗೆ ಸಾಲಾಗಿ ಬಾಗಿಲಿರುವ ಇಂಥ ಕಟ್ಟಡಕ್ಕೆ ಇಲ್ಲಿ ಚಾಳ ಅನ್ನುತ್ತಾರೆ. ಯಜಮಾನರು ಬಟ್ಟೆ ಗಿರಣಿಗೆ ಹೋದ ಮೇಲೆ ನಾನು ರೊಟ್ಟಿ ಬಡಿಯುತ್ತಿದ್ದೆ. ರೇಷನ್ ಜೋಳಕ್ಕೆ ನಮ್ಮ ಕಡೆಯ ಜೋಳದ ರುಚಿ ಎಲ್ಲಿ? ಊರಲ್ಲಿ ಮಳೆಗಾಗಿ ಮುಗಿಲು ನೋಡುತ್ತೇವೆ, ಇಲ್ಲಿಯವರು ಮಳೆಯನ್ನು ಬೈಯುತ್ತಾರೆ. ಬೈಗುಳದಿಂದಲೇ ನಾನು ಮರಾಠಿ ಕಲಿತೆ. ಗೋಡೆಗೆ ಒಂದು ಮೊಳೆಯೂ ಇಲ್ಲವಲ್ಲ, ಯಾವಾಗ ಹೊರಡುತ್ತೀಯ ಎಂದು ಶಾಂತಾಬಾಯಿ ಮರಾಠಿಯಲ್ಲಿ ಕೇಳಿದಾಗ ಅರ್ಥವಾಯಿತು.

ಹಗರಿಬೊಮ್ಮನಹಳ್ಳಿಯ ನನ್ನ ತವರುಮನೆಯಲ್ಲೂ ಮೊಳೆ ಇರಲಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ಅವ್ವ ಸೊಸೆಯಾಗಿ ಹೋಗಿದ್ದ ಹಳ್ಳಿ ಮುಳುಗಿತು. ಹೊಳೆ ಇಷ್ಟು ದೂರ ಬರುವುದಿಲ್ಲ ಎಂದು ಅವಳ ಅತ್ತೆ, ನನ್ನ ಅಜ್ಜಿ, ಪಟ್ಟು ಹಿಡಿದು ಕೂತಿದ್ದರಂತೆ. ಅಂಗಳಕ್ಕೆ ನೀರು ನುಗ್ಗಿದಾಗ ಸಿಕ್ಕಿದ್ದನ್ನು ಬಂಡಿಗೆ ಹಾಕಿಕೊಂಡು ಓಡಿದರು. ಅಡಿಗೆಮನೆಯ ನೆಲದಲ್ಲಿ ಹೂಳಿದ್ದ ಒಳ್ಳು, ಖಾರ ಕುಟ್ಟುವ ಕಲ್ಲು, ಅಲ್ಲೇ ಉಳಿಯಿತು. ಹೊಸ ಮನೆಯಲ್ಲಿ ಅವ್ವ ಒಳ್ಳು ಹೂಳಲೇ ಇಲ್ಲ. ನೆರೆಮನೆಗೆ ಹೋಗಿ ಕುಟ್ಟಿಕೊಂಡು ಬರುತ್ತಿದ್ದಳು. ಯಾಕೆ ಎಂದು ಕೇಳಿದರೆ, “ಹೂಳಿದ್ದು ಹೊತ್ಕೊಂಡು ಹೋಗಾಕ ಬರಂಗಿಲ್ಲ” ಅನ್ನುತ್ತಿದ್ದಳು. ಮೂಲೆಯಲ್ಲೊಂದು ಗಂಟು ಸದಾ ಸಿದ್ಧವಾಗಿರುತ್ತಿತ್ತು. ನಾನು ಹುಟ್ಟಿದ್ದು ಆಮೇಲೆ, ಆ ನೀರನ್ನು ಕಂಡವಳೇ ಅಲ್ಲ. ಆದರೂ ಗಂಟು ಕಟ್ಟುವುದು ನನಗೆ ಬಂದಿತ್ತು.

ಮಗಳು ಗಿರಿಜಾ ಶಾಲೆಗೆ ಸೇರಿದ ವರ್ಷ ಮತ್ತೆ ಬೀದಿಯಲ್ಲಿ ನೀರು ನಿಂತಿತು. ಚಾಳದ ಮಕ್ಕಳೆಲ್ಲ ಕೆಳಗೆ ಕಾಗದದ ದೋಣಿ ಬಿಡುತ್ತಿದ್ದರೆ, ಇವಳು ಚಪ್ಪಲಿ ಮೆಟ್ಟಿಕೊಂಡು ಟ್ರಂಕಿನ ಮೇಲೆ ಕೂತಿದ್ದಳು. ಗೊಂಬೆಯನ್ನು ನನ್ನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದಳು.

“ಅವ್ವಾ, ನಂದೂ ಗಂಟು ಕಟ್ಟೇನಿ. ಯಾವಾಗ ಹೋಗಾದು?”

ಇವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ ಎಂದು ಆಗ ಹೊಳೆಯಿತು. ಇವಳೊಬ್ಬಳಾದರೂ ಈ ಹೆದರಿಕೆಯಿಂದ ಪಾರಾಗಲಿ ಎನ್ನಿಸಿತು.

ಬೇಸಿಗೆಯಲ್ಲಿ ಊರಿಗೆ ಹೋದೆವು. ಅಣೆಕಟ್ಟಿನ ನೀರು ಹಿಂದೆ ಸರಿದಿತ್ತು. ಪ್ರತಿವರ್ಷದಂತೆ ಅವ್ವ ಹಳೆಯ ಹಳ್ಳಿಯತ್ತ ಹೊರಟಳು, ಈ ಸಲ ನಮ್ಮನ್ನೂ ಕರೆದೊಯ್ದಳು. ಮನೆಯ ಬುನಾದಿಯ ನಡುವೆ, ಒಣಗಿ ಬಿರಿದ ಕೆಸರಲ್ಲಿ, ಒಳ್ಳಿನ ಬಾಯಿ ಕಾಣುತ್ತಿತ್ತು. ಗಿರಿಜಾ ಅದರೊಳಗೆ ಕೈ ಹಾಕಿ ಮಣ್ಣು ತೆಗೆದಳು. ಅಗೆಸಿ ಮನೆಗೆ ಒಯ್ಯೋಣ ಎಂದೆ. ಅವ್ವ ಮೊಮ್ಮಗಳನ್ನು ನೋಡುತ್ತಲೇ ಹೇಳಿದಳು.

“ನಮ್ಮತ್ತಿ ಹೂಳಿದ್ದು, ಅಲ್ಲೇ ಇರ್ಲಿ. ನೀ ಹೋದಲ್ಲಿ ನಿಂದೊಂದು ಹೂಳ್ಕೋ. ನನ್ನ ಕೈಲಿ ಆಗ್ಲಿಲ್ಲ.”

ಎರಡನೆಯ ಮಾಳಿಗೆಯಲ್ಲಿ ಒಳ್ಳು ಹೂಳಿದರೆ ಕೆಳಗಿನ ಮನೆಯವರ ತಲೆ ಮೇಲೆ ಬಿದ್ದೀತು. ಹಾಗಾಗಿ ಮುಂಬಯಿಗೆ ಮರಳಿದ ದಿನವೇ ಶಾಂತಾಬಾಯಿಯ ಸುತ್ತಿಗೆ ತಂದು, ಗೋಡೆಗೆ ಮೊಳೆ ಹೊಡೆದು, ಮಗಳ ಪಾಟಿಚೀಲ ತೂಗುಹಾಕಿದೆ. ಅವಳ ಮುಂದೆಯೇ, ಮೂಲೆಯಲ್ಲಿ ಸದಾ ಇರುತ್ತಿದ್ದ ನನ್ನ ಗಂಟು ಬಿಚ್ಚಿ ಪಾತ್ರೆಗಳನ್ನು ಹಲಗೆಯ ಮೇಲೆ ಜೋಡಿಸಿದೆ.

ಮುಂದಿನ ಮಳೆಗೆ ಗಿರಿಜಾ ದೋಣಿ ಹಿಡಿದು ಮೆಟ್ಟಿಲಿಳಿದು ಓಡಿದಳು, ತಿರುಗಿಯೂ ನೋಡಲಿಲ್ಲ. ಅವಳು ಈ ಊರಿನವಳಾದಳು ಎಂದು ಹಿಗ್ಗಿದೆ. ಅವ್ವನ ಹಳ್ಳಿಯಲ್ಲಿ ಈಗ ಒಳ್ಳಿನ ಮೇಲೆ ನೀರು ಏರಿರಬೇಕು ಎನ್ನಿಸಿ ಅಳುವೂ ಬಂತು. ಶಾಂತಾಬಾಯಿ ಭಜಿಯ ತಟ್ಟೆ ಚಾಚಿದರು. ತೆಗೆದುಕೊಳ್ಳಲು ಹೋದರೆ ಕೈಗೆ ಬಿಡುವಿರಲಿಲ್ಲ. ನನಗೇ ತಿಳಿಯದಂತೆ ಅದು ಸೆರಗಿನ ತುದಿಗೆ ಗಂಟು ಹಾಕುತ್ತಿತ್ತು.