ಖರ್ಚಿನ ಕೆಳಗೆ ವೈನಿಯ ಮಾತು

ಇವತ್ತು ಬೆಳಿಗ್ಗೆ ಕ್ಯಾಂಪ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಹೂಜಿಗೆ ನೀರು ತುಂಬಿದಾಗ ಹಸಿ ಮಣ್ಣಿನ ವಾಸನೆ ಎದ್ದಿತು. ಖಾನಾಪುರದ ಕೆಂಪು ಮಣ್ಣಿನ ಹೂಜಿ ಅದು, ಕೊಟ್ಟವರು ವೈನಿ. ವೈನಿ ಎಂದರೆ ಅತ್ತಿಗೆ, ಆದರೆ ನಮ್ಮ ನಡುವೆ ನೆಂಟಸ್ತಿಕೆಯೇನೂ ಇರಲಿಲ್ಲ. ಅವರು ಖಾನಾಪುರದಲ್ಲಿ ಮಡಕೆ, ಹೂಜಿ ಮಾಡಿಸುವ ಕಾರ್ಖಾನೆಯ ಒಡತಿ, ನಾನು ಅವರ ಲೆಕ್ಕಪತ್ರ ನೋಡುವವನು. ಊರೆಲ್ಲ ವೈನಿ ಎನ್ನುತ್ತಿತ್ತು, ನಾನೂ ಅಂದೆ.

ಮೊದಲೆಲ್ಲ ತಿಂಗಳಿಗೊಮ್ಮೆ ಬಿಲ್ಲುಗಳ ಕೈಚೀಲ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರು. ಬಿಲ್ಲು ಕೊಡುವುದು ಒಂದು ಗಳಿಗೆಯ ಕೆಲಸ. ಮಾತು ಮಾತ್ರ ಎರಡು ಸಲ ಚಹಾ ಬಂದರೂ ಮುಗಿಯುತ್ತಿರಲಿಲ್ಲ. ಪೀರನವಾಡಿಯಲ್ಲಿ ಬಸ್ಸು ಸಿಕ್ಕಿಬಿದ್ದದ್ದು, ಮಡಕೆ ಸುಡುವ ಭಟ್ಟಿಯ ಹೊಗೆ, ನನ್ನ ಅವ್ವನ ಮೊಣಕಾಲು... ಸಿಟ್ಟು ಬಂದರೆ ಮಾತು ತಾನಾಗಿ ಮರಾಠಿಗೆ ಹೊರಳುತ್ತಿತ್ತು.

ಆಮೇಲೆ ನಾನು ಎಲ್ಲರ ಲೆಕ್ಕವನ್ನೂ ಕ್ಲೌಡ್‌ಗೆ ಹಾಕಿದೆ. ಅವರು ಖಾನಾಪುರದಲ್ಲಿ ಕೂತು ಮೊಬೈಲಿನಲ್ಲಿ ಖರ್ಚು ಬರೆದರೆ ನನಗೆ ಇಲ್ಲಿ ಆಗಲೇ ಕಾಣುತ್ತದೆ. ಒಳ್ಳೆಯ ಕೆಲಸ ಮಾಡಿದೆ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಮಾರ್ಚ್ ತಿಂಗಳ ಚೀಲಗಳ ರಾಶಿ ಹೋಯಿತು, ನನ್ನ ತಲೆನೋವೂ ಹೋಯಿತು. ವೈನಿ ಮಾತ್ರ ಮುಖ ಸಣ್ಣದು ಮಾಡಿಕೊಂಡರು.

“ಬಸ್ಸಿನ ರೊಕ್ಕ ಉಳೀತು ಖರೇ. ಮಾತಾಡೂದು ಎಲ್ಲಿ ಮಾಡೂಣ್ರೀ?”

ಜಾಗ ಅವರೇ ಹುಡುಕಿಕೊಂಡರು. ಪ್ರತಿ ಖರ್ಚಿನ ಕೆಳಗೆ, ಅದು ಯಾತಕ್ಕೆ ಎಂದು ಬರೆಯಲು ಒಂದು ಸಾಲಿನ ಜಾಗ ಇರುತ್ತದೆ. ಬೇರೆಯವರು ‘ಡೀಸೆಲ್ ಖರೀದಿ’ ಎಂದು ಬರೆದು ಮುಗಿಸುತ್ತಾರೆ. ವೈನಿ ಬರೆದರು: ‘ಟೆಂಪೋಕ್ಕ ಡೀಸೆಲ್ ಹಾಕ್ಸೇವಿ. ಅವ್ವಾರ ಮೊಣಕಾಲು ಹ್ಯಾಂಗ ಐತ್ರಿ?’ ನಕ್ಕು ಸುಮ್ಮನಿರಬೇಕಿತ್ತು. ಅದರ ಕೆಳಗೇ ಬರೆದೆ: ‘ಆರಾಮ ಅದಾಳ್ರಿ. ಬಿಲ್ಲಿನ ಫೋಟೋ ಹಾಕ್ರಿ.’ ಅಲ್ಲಿಂದ ಶುರುವಾಯಿತು ನೋಡಿ! ಕಟ್ಟಿಗೆಯ ಖರ್ಚಿನ ಕೆಳಗೆ ಹಸಿ ಕಟ್ಟಿಗೆ ಕೊಟ್ಟವನಿಗೆ ಬೈಗುಳ, ಕೂಲಿಯ ಕೆಳಗೆ ಯಾರ ಮಗಳ ನಿಶ್ಚಯ, ದುರಸ್ತಿಯ ಕೆಳಗೆ ‘ಭಟ್ಟಿ ಹಿಂದಿನ ಗ್ವಾಡಿ ಸೀಳೇತಿ, ಅರ್ಧಾ ಮಾಲು ಒಡೀತು.’

ಆ ಗೋಡೆಯೇ ಗಂಡಾಂತರ ತಂದಿತು. ಮಾಲು ಒಡೆದು ನಷ್ಟವಾಯಿತು, ಹಳೆಯ ಭಟ್ಟಿ ಕೈಕೊಟ್ಟಿತು. ಹೊಸ ಕರೆಂಟಿನ ಭಟ್ಟಿಗೆ ಬ್ಯಾಂಕಿನ ಸಾಲ ಸಿಗದಿದ್ದರೆ ಕಾರ್ಖಾನೆಗೆ ಬೀಗ ಹಾಕಬೇಕು, ಮಣ್ಣು ಹದ ಮಾಡುವವರು, ತಿಗರಿ ತಿರುಗಿಸುವವರು ಎಲ್ಲರೂ ಮನೆಗೆ ಹೋಗಬೇಕು. ಬ್ಯಾಂಕಿನ ಸಾಹೇಬರು ಕಾಗದ ಬೇಡ, ಕ್ಲೌಡ್‌ನಲ್ಲೇ ಲೆಕ್ಕ ನೋಡುತ್ತೇನೆ ಎಂದರು. ಖರ್ಚಿನ ಕೆಳಗಿನ ಹರಟೆಯೂ ಅವರಿಗೆ ಕಾಣುತ್ತದಲ್ಲ! ವೈನಿಗೆ ಫೋನು ಮಾಡಿದೆ.

“ಆ ಮಾತೆಲ್ಲಾ ಅಳಸ್ತೀನ್ರಿ ವೈನಿ. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ನಿಮ್ಮ ಹೆಸರು ಹಾಳಾಗತೈತಿ.”

ಆ ಕಡೆ ದೊಡ್ಡ ನಗು. “ಮಡಕಿ ಮಾಡಾವ್ರಿಗೇ ಆ ಗಾದಿ ಹೇಳ್ತೀರೇನ್ರೀ? ಸುಳ್ಳ ಬರದೇನಿ ಅಂದ್ರ ಅಳಸ್ರಿ. ಖರೇ ಬರದೇನಿ, ಇರಲಿ.”

ಒಲ್ಲದ ಮನಸ್ಸಿನಿಂದ ಬಿಟ್ಟೆ. ಕೆಲವು ದಿನ ಕಳೆದು ಸಾಹೇಬರೇ ಫೋನು ಮಾಡಿದರು. ಮೊದಲು ಮನಸಾರೆ ನಕ್ಕರು. ಬೇರೆಯವರ ಲೆಕ್ಕದಲ್ಲಿ ನಷ್ಟ ಕಾಣುತ್ತದೆ, ಯಾಕೆ ಎಂಬುದು ಕಾಣುವುದಿಲ್ಲ, ಇಲ್ಲಿ ಗೋಡೆ ಸೀಳಿದ ದಿನವೇ ಬರೆದಿಟ್ಟಿದ್ದಾರೆ ಎಂದರು. ಖಾನಾಪುರಕ್ಕೆ ತಾವೇ ಹೋಗಿ ಆ ಸೀಳಿಗೆ ಕೈ ಹಾಕಿ ನೋಡಿ ಬಂದರು. ಸಾಲ ಮಂಜೂರಾಯಿತು. ಹೊಸ ಭಟ್ಟಿಯ ಖರೀದಿಯ ಕೆಳಗೆ ವೈನಿ ಬರೆದರು: ‘ಭಟ್ಟಿ ಬಂತು. ನನ್ನ ಮಾತು ಅಳಸ್ತೀನಿ ಅಂದಾವ್ರಿಗೆ ಮೊದಲನೇ ಹೂಜಿ. ಬಿಲ್ ಇಲ್ಲ.’ ಅದೇ ಈ ಹೂಜಿ.

ಹೋದ ವರ್ಷ ಅವರು ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲೇ ಇಲ್ಲ... ಕಾರ್ಖಾನೆ ಚೆನ್ನಾಗಿ ನಡೆದಿದೆ. ಈಗ ಸೊಸೆ ಲೆಕ್ಕ ಬರೆಯುತ್ತಾಳೆ, ಜಾಣೆ, ಒಂದು ತಪ್ಪು ಹುಡುಕಿದರೂ ಸಿಗುವುದಿಲ್ಲ. ‘ಡೀಸೆಲ್ ಖರೀದಿ’ ಎಂದಷ್ಟೇ ಇರುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇವತ್ತು ಕಾರ್ಖಾನೆಯ ಲೆಕ್ಕದಲ್ಲಿ ನನ್ನ ಫೀ ಬರೆಯುವಾಗ ಕೈ ಸುಮ್ಮನಿರಲಿಲ್ಲ. ಕೆಳಗಿನ ಸಾಲಿನಲ್ಲಿ ಬರೆದೆ: ‘ಅವ್ವನ ಮೊಣಕಾಲು ಈಗ ಆರಾಮ ಐತ್ರಿ ವೈನಿ. ಹೂಜಿ ನೀರು ತಣ್ಣಗದಾವ.’ ಸೇವ್ ಒತ್ತಿದೆ. ಓದಬೇಕಾದವರು ಇಲ್ಲ ಎಂದು ಗೊತ್ತು. ಮಧ್ಯಾಹ್ನ ಚಹಾ ಕುಡಿದು ಬಂದವನು, ಬೇರೆ ಕೆಲಸ ಮುಟ್ಟುವ ಮೊದಲು, ಆ ಸಾಲಿನ ಕೆಳಗೆ ಉತ್ತರವೇನಾದರೂ ಬಂದಿದೆಯೇ ಎಂದು ತೆರೆದು ನೋಡಿದೆ.