ಹುರುಳಿಯ ಬೇರು

ನಮ್ಮ ಹಿತ್ತಲಲ್ಲಿ ಬೆಳೆದಂಥ ಪುಂಡಿ ಸೊಪ್ಪನ್ನ ಆಮೇಲೆ ನಾನು ಎಲ್ಲೂ ನೋಡಲಿಲ್ಲ. ಇದನ್ನ ಹೊಗಳಿಕೆ ಅಂತ ತಿಳ್ಕೋಬೇಡಿ. ಸಂತೆಯಲ್ಲಿ ಪುಂಡಿ ಕಟ್ಟು ಕಂಡರೆ ಇವತ್ತಿಗೂ ಮುಂದಕ್ಕೆ ಹೋಗಿಬಿಡ್ತೀನಿ.

ತೊಂಬತ್ತರ ದಶಕದ ಮಾತು. ಚಳ್ಳಕೆರೆಯಲ್ಲಿ ಬಳ್ಳಾರಿ ರಸ್ತೆಗೆ ಮುಖ ಮಾಡಿ ಅಪ್ಪನ ಬ್ಯಾಟರಿ ಅಂಗಡಿ, ಅದರ ಬೆನ್ನಿಗೇ ನಮ್ಮ ಮನೆ, ಮನೆ ಹಿಂದೆ ಹಿತ್ತಲು. ಲಾರಿಗಳ ಸತ್ತ ಬ್ಯಾಟರಿ ಬಿಚ್ಚಿ, ಪ್ಲೇಟು ತೊಳೆದು, ಕೆಟ್ಟ ಸೀಸವನ್ನ ಹಿತ್ತಲ ಇದ್ದಿಲೊಲೆ ಮೇಲೆ ಕರಗಿಸಿ ಮತ್ತೆ ಎರಕ ಹೊಯ್ಯೋದು ಅಪ್ಪನ ಕೆಲಸ. ಪ್ಲೇಟು ತೊಳೆದ ಬೂದುಬಣ್ಣದ ನೀರು, ಆಸಿಡ್ಡು ಎಲ್ಲಾ ಹಿತ್ತಲಿಗೇ. ಅದು ಬಿದ್ದ ಕಡೆ ಗರಿಕೆಯೂ ಹುಟ್ಟುತ್ತಿರಲಿಲ್ಲ.

ಮನೆಯಲ್ಲಿ ನಾನು ದೊಡ್ಡೋಳು, ಪಿಯುಸಿ ಸೈನ್ಸು. ನಮ್ಮ ವಂಶದಲ್ಲೇ ಮೈಕ್ರೋಸ್ಕೋಪು ಮುಟ್ಟಿದ ಮೊದಲನೆಯವಳು ಅನ್ನೋ ಜಂಬಕ್ಕೆ ತಲೆ ಮೇಲೆ ಎರಡು ಕೋಡು ಮೂಡಿದ್ದವು. ತಂಗಿ ನನಗಿಂತ ಹತ್ತು ವರ್ಷ ಚಿಕ್ಕೋಳು, ಆಗ ಆರು ತುಂಬಿತ್ತು. ಸೀಸದ ಚೂರುಗಳನ್ನೇ ಅಚ್ಚಿಕಲ್ಲು ಮಾಡಿಕೊಂಡು ಆಡುತ್ತಿದ್ದ ಹುಡುಗಿ ಬರಬರುತ್ತಾ ಬಿಳಚಿಕೊಂಡಳು. ಡಾಕ್ಟರು ಕಣ್ಣ ರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ ಐತೆ ಕಣಮ್ಮ, ಸೊಪ್ಪು ತಿನ್ನಿಸು" ಅಂದರು.

ಅವ್ವ ಮೊಳಕಾಲ್ಮೂರು ಕಡೆಯವಳು. ಹೇಳಿದ್ದನ್ನ ಮಾಡದೆ ಬಿಡೋ ಜಾತಿ ಅಲ್ಲ. ಸುಣ್ಣ, ಬೂದಿ, ಸಗಣಿ ಗೊಬ್ಬರ ಸುರಿದು ಹಿತ್ತಲ ಮೂಲೆಯನ್ನ ಹದ ಮಾಡಿದಳು. ಬಿತ್ತೋಕೆ ಮುಂಚೆ ನನ್ನನ್ನ ಕರೆದು ಕೇಳಿದಳು:

"ಏನೇ, ಸೈನ್ಸ್ ಓದ್ತೀಯಲ್ಲ, ಇಲ್ಲಿ ಬೆಳೆದಿದ್ದು ತಿನ್ನಬೋದಾ?"

ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಬಿ.ಜಿ. ಕೆರೆಯ ನಮ್ಮಜ್ಜಿ, ಅಪ್ಪನ ತಾಯಿ ಹತ್ರ ಇತ್ತು. ಹೊಲಕ್ಕೆ ಹೊಸ ಮಣ್ಣು ಹೊಡೆಸಿದಾಗೆಲ್ಲ ಅಜ್ಜಿ ಒಂದು ತೆಂಗಿನ ಚಿಪ್ಪಿಗೆ ಆ ಮಣ್ಣು ತುಂಬಿ, ನಾಲ್ಕು ಹುರುಳಿ ಕಾಳು ಊರುತ್ತಿದ್ದಳು. ಎಲೆ ಬಂದ ಮೇಲೆ ಗಿಡ ಕಿತ್ತು, ತೊಳೆದು, ಬೇರನ್ನ ಬೆರಳಿಗೆ ಸುತ್ತಿ ನೋಡೋಳು. "ಎಲೆ ನಂಟರ ಮುಂದೆ ನಗ್ತೈತೆ ಕಣೆ, ಬೇರು ಮನೆ ಸುದ್ದಿ ಹೇಳ್ತೈತೆ" ಅನ್ನೋಳು. ಬೇರು ಸುತ್ತುವಷ್ಟು ಉದ್ದ ಬಂದಿದ್ದರೆ ಮಾತ್ರ ಬಿತ್ತನೆ.

ನಾನೂ ಚಿಪ್ಪಿಗೆ ಮಣ್ಣು ತುಂಬಿದೆ. ಹುರುಳಿ ಹುಟ್ಟಿತು, ಜೋಡಿ ಎಲೆ ಬಿಟ್ಟಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರಲ್ಲ! ಅಡಿಗೆಮನೆ ಕಡೆ ತಿರುಗಿ, "ತಿನ್ನಬೋದು ಬಿಡವ್ವ, ವಿಷ ಇದ್ರೆ ಗಿಡನೇ ಬದುಕ್ತಿರಲಿಲ್ಲ" ಅಂತ ಕೂಗಿದೆ. ಆಮೇಲೆ ಚಿಪ್ಪು ಬೋರಲು ಹಾಕಿದೆ. ಬೇರುಗಳು ಮೊಂಡಾಗಿದ್ದವು, ತುದಿ ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಿಗೆ ಸುತ್ತೋದಿರಲಿ, ಹಿಡಿಯೋಕೂ ಸಿಗುತ್ತಿರಲಿಲ್ಲ. ನೋಡಿದೆ. ಚಿಪ್ಪು ಚಿಕ್ಕದಾಯ್ತು ಅಂದುಕೊಂಡು ತಿಪ್ಪೆಗೆ ಎಸೆದೆ.

ಪುಂಡಿ ಬಂತು, ಹರಿವೆ ಬಂತು, ದಂಟು ಬಂತು. ಒಂದು ವರ್ಷಕ್ಕಿಂತ ಜಾಸ್ತಿ ದಿನ ತಂಗಿಗೆ ಮುದ್ದೆ ಜೊತೆ ಆ ಸೊಪ್ಪಿನ ಸಾರೇ. ನಮಗೆಲ್ಲ ಒಂದೊಂದು ಸೌಟು, ಅವಳಿಗೆ ಎರಡು. ಅವಳಿಗೆ ಹೊಟ್ಟೆನೋವು ಶುರುವಾಯ್ತು. ಕಲಿತ ಅಕ್ಷರ ಮರೆಯತೊಡಗಿದಳು. ನಿನ್ನೆ ಬರೆದ ಅ ಆ ಇವತ್ತು ಕೇಳಿದರೆ ಸ್ಲೇಟನ್ನೇ ದಿಟ್ಟಿಸುತ್ತಾ ಕೂರೋಳು. ನಾನು ತಲೆಗೆ ಮೊಟಕುತ್ತಿದ್ದೆ. "ದಡ್ಡಿ, ತಲೇಲಿ ಏನು ಸಗಣಿ ತುಂಬೈತಾ?" ಅಂತ ಬೈಯುತ್ತಿದ್ದೆ. ಆ ಬೈಗುಳ ಈಗ ನನಗೇ ಚುಚ್ಚುತ್ತೆ. ಅವ್ವ ಜಟಿಂಗ ರಾಮೇಶ್ವರನಿಗೆ ಹರಕೆ ಹೊತ್ತಳು, ಮಗೂಗೆ ಇನ್ನೊಂದು ಸೌಟು ಸಾರು ಹಾಕಿದಳು.

ನಾನು ಡಿಗ್ರಿಗೆ ಸೇರಿದೆ. ಒಂದು ಮಧ್ಯಾಹ್ನ ಸಸ್ಯಶಾಸ್ತ್ರದ ಮೇಷ್ಟ್ರು, ಸೀಸದಂಥ ಭಾರಲೋಹ ಮಣ್ಣಲ್ಲಿದ್ದರೆ ಗಿಡ ಏನು ಮಾಡುತ್ತೆ ಅಂತ ಪಾಠ ಶುರು ಮಾಡಿದರು. ಗಿಡಕ್ಕೆ ಕಾಲಿಲ್ಲ, ಓಡಿಹೋಗೋ ಹಾಗಿಲ್ಲ. ಬಂದ ಲೋಹವನ್ನ ಮೊದಲು ಬೇರಲ್ಲೇ ತಡೆದು ಇಟ್ಕೊಳ್ಳುತ್ತೆ. ಪೆಟ್ಟು ಮೊದಲು ಬೀಳೋದೂ ಬೇರಿಗೇ, ಅದು ಗಿಡ್ಡವಾಗಿ ಕಂದುತ್ತೆ. ತಪ್ಪಿಸಿಕೊಂಡು ಮೇಲೆ ಹೋದದ್ದನ್ನ ಗಿಡ ಸಣ್ಣ ಪ್ರೋಟೀನಿನ ಎಳೆಗಳಿಂದ ಕಟ್ಟಿ, ಜೀವಕೋಶದ ಒಳಕೋಣೆಯಲ್ಲಿ ಕೂಡಿಹಾಕುತ್ತೆ. ಅಟ್ಟದ ಮೇಲೆ ಬೇಡದ ಸಾಮಾನು ತುಂಬಿ ಬಾಗಿಲು ಹಾಕಿದ ಹಾಗೆ. ಅಟ್ಟ ತುಂಬೋತನಕ ಎಲೆ ಹಸಿರಾಗೇ ಇರುತ್ತೆ. "ಗಿಡ ಬದುಕಿದೆ ಅಂದ್ರೆ ವಿಷ ಇಲ್ಲ ಅಂತಲ್ಲ, ಬಚ್ಚಿಟ್ಟಿದೆ ಅಂತ" ಅಂದರು ಮೇಷ್ಟ್ರು. ನನಗೆ ಆ ಚಿಪ್ಪು ಕಣ್ಣಿಗೆ ಕಟ್ಟಿತು.

ಗಂಟೆ ಹೊಡೆಯೋಕೂ ಕಾಯದೆ ಮನೆಗೆ ಓಡಿದೆ. ಚಪ್ಪಲಿ ಸಮೇತ ಪಾತಿಗಿಳಿದು ಸಿಕ್ಕಿದ್ದೆಲ್ಲ ಕಿತ್ತೆ. ಅವ್ವ ಒಲೆ ಬಿಟ್ಟು ಬಂದಳು.

"ಹುಚ್ಚು ಹಿಡೀತೇನೇ ನಿಂಗೆ? ಹಸಿರು ಗಿಡ ಕೀಳ್ತಾರಾ ಯಾರಾದ್ರೂ?"

"ವಿಷ ಐತವ್ವ ಇದರಾಗೆ!"

"ಏಂ ಕಾದು, ಸುಮ್ನಿರು" ಅಂದಳು, ಏನೂ ಆಗಲ್ಲ ಅಂತ ತೆಲುಗಲ್ಲಿ. ಗಾಬರಿಯಾದಾಗ ಅವಳಿಗೆ ತವರಿನ ತೆಲುಗೇ ಬಾಯಿಗೆ ಬರುತ್ತಿತ್ತು. ಆಮೇಲೆ ಮೆಲ್ಲಗೆ ಕೇಳಿದಳು: "ತಿನ್ನಬೋದು ಅಂತ ನೀನೇ ಹೇಳಿದ್ಯಲ್ಲೇ?"

ದೊಡ್ಡಾಸ್ಪತ್ರೆಗೆ ಕರಕೊಂಡು ಹೋದೆವು. ತಂಗಿ ರಕ್ತದಲ್ಲಿ ಸೀಸ ಐತೆ ಅಂದರು. ಒಲೆಯ ಹೊಗೆ, ಧೂಳು, ಬಾಯಿಗಿಟ್ಟ ಕೈ, ಇವೇ ಹೆಚ್ಚು ಕೆಲಸ ಮಾಡಿರೋದು, ಸೊಪ್ಪಿನದು ಎಷ್ಟು ಪಾಲು ಅಂತ ಯಾರೂ ಹೇಳೋಕಾಗಲ್ಲ ಅಂದರು. ಅಪ್ಪ ಆ ಮಾತಿಗೆ ತಲೆ ಬಗ್ಗಿಸಿದ. ಊರಿಗೆ ಬಂದವನೇ ಇದ್ದಿಲೊಲೆ ಒಡೆದು ಹಾಕಿದ. ನಾನು ಮಾತ್ರ ಅದೇ ಮಾತಿನ ಹಿಂದೆ ಕಳ್ಳಿಯಂತೆ ಅವಿತುಕೊಂಡೆ. ಮದ್ದಿಗೆ ರಕ್ತದ ಸೀಸ ಇಳಿಯಿತು. ಹೋದ ಅಕ್ಷರಗಳು ಪೂರ್ತಿ ವಾಪಸ್ ಬರಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಳು.

ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಯಾರಾದರೂ ಹೇಳಿದರೆ ನಾನು ಎದ್ದು ಹೋಗ್ತೀನಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಅವ್ವ ಇರಲಿಲ್ಲ. ತಂಗಿ ಎಣ್ಣೆ ಮಿಲ್ಲಿನ ಹತ್ರ ಶೇಂಗಾ ಬೀಜ ಆರಿಸೋ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬರುವಾಗ ಸಂತೆಯಿಂದ ಸೊಪ್ಪು ತಂದರೆ, ಸೋಸೋಕೆ ಮುಂಚೆ ನನ್ನ ಮುಂದೆ ಹಿಡಿಯೋಳು: "ಅಕ್ಕಾ, ತಿನ್ನಬೋದಾ?" ಅವ್ವನದೇ ಮಾತು, ಅದೇ ದನಿ. ದಿನಾ "ಹೂಂ" ಅಂದುಬಿಡುತ್ತಿದ್ದೆ. ಒಂದು ಸಂಜೆ ಹಾಗನ್ನದೆ ಅವಳನ್ನ ಪಕ್ಕಕ್ಕೆ ಕೂರಿಸಿಕೊಂಡೆ. ಅಜ್ಜಿ ಬೇರನ್ನ ಬೆರಳಿಗೆ ಸುತ್ತಿ ನೋಡುತ್ತಿದ್ದದ್ದು, ಚಿಪ್ಪು, ಹುರುಳಿ, ಮೊಂಡಾದ ಬೇರು, ನೋಡಿಯೂ ತಿಪ್ಪೆಗೆ ಎಸೆದದ್ದು, ಎಲ್ಲಾ ಹೇಳಿಬಿಟ್ಟೆ. ಯಾರಿಗೂ ಹೇಳಿರಲಿಲ್ಲ ಅಂತಲೂ ಹೇಳಿ ಅತ್ತೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೇರಿನ ಮಾತನ್ನ ಇನ್ನೊಂದು ಸಲ ಹೇಳಿಸಿಕೊಂಡಳು. ಅವಳಿಗೆ ಯಾವುದೂ ಬೇಗ ಒಳಗಿಳಿಯೋದಿಲ್ಲ. ಆಮೇಲೆ ದಂಟಿನ ಕಟ್ಟು ಬಿಚ್ಚಿ, ಒಂದು ಗಿಡದ ಬೇರಿನ ಮಣ್ಣು ಒರೆಸಿ, ನನ್ನ ಬೆರಳ ಮೇಲೆ ಇಟ್ಟಳು.

"ಈಗ ನೋಡಿ ಹೇಳು" ಅಂದಳು.